ಊರ ಮುಂದೆ ಮೈಕ್ರೋಸ್ಕೋಪ್ ಇಡುವುದು ಹೇಗೆ

ವಿಜ್ಞಾನ ಮೇಳಗಳಲ್ಲಿ ನೀವೂ ನೋಡಿರುತ್ತೀರಿ. ಬಿಳಿ ಬಟ್ಟೆ ಹಾಸಿದ ಮೇಜು, ಮೇಲೊಂದು ಮೈಕ್ರೋಸ್ಕೋಪ್, ಹಿಂದೆ ಥರ್ಮೋಕೋಲಿಗೆ ಅಂಟಿಸಿದ ಅಮೀಬಾ ಚಿತ್ರ, ಬಾಯಿಪಾಠ ಮಾಡಿಕೊಂಡು ನಿಂತ ಇಬ್ಬರು ಮಕ್ಕಳು. ಬಂದವರು ಬಗ್ಗಿ ಕಣ್ಣಿಡುತ್ತಾರೆ. ಒಂದು ಗುಲಾಬಿ ಕಲೆ ಕಂಡರೆ ಕಂಡಿತು, ಇಲ್ಲದಿದ್ದರೆ ತಮ್ಮದೇ ರೆಪ್ಪೆ. 'ಹಾಂ, ಕಾಣ್ತು' ಎಂದು ಮರ್ಯಾದೆಗೆ ಒಂದು ಸುಳ್ಳು ಹೇಳಿ ಮುಂದಿನ ಮೇಜಿಗೆ ನಡೆಯುತ್ತಾರೆ. ಆ ಗಾಜಿನ ಸ್ಲೈಡಿನ ಜೀವಿ ಸತ್ತು, ಬಣ್ಣ ಕುಡಿದು, ಅಂಟಿನೊಳಗೆ ಕೂತು ಹತ್ತು ವರ್ಷವಾಗಿರುತ್ತದೆ.

ಶಿರಸಿ ಕಡೆಯ ಹಳ್ಳಿ ಶಾಲೆಯಲ್ಲಿ ಪಾಠ ಹೇಳುವ ನಾನೂ ಇಂಥ ಮೇಜನ್ನು ಬಹಳ ವರ್ಷ ಇಟ್ಟವನೇ. ಒಂದು ಸಲ ಮಾತ್ರ, ಸ್ಲೈಡಿನ ಪೆಟ್ಟಿಗೆ ಮರೆತು ಬಂದ ತಪ್ಪಿಗೆ, ಪಕ್ಕದ ಮನೆಯ ಕೊಟ್ಟಿಗೆಯ ಕಲ್ಲು ಮರಿಗೆಯಿಂದ ಒಂದು ಹನಿ ನೀರು ತಂದು ಇಟ್ಟೆ. ಆ ಮನೆಯ ಅಜ್ಜಿಯೇ ಮೊದಲು ನೋಡಿದವರು. 'ಅಯ್ಯೋ, ಓಡ್ತಾ ಉಂಟಲ್ಲೋ ತಮ್ಮಾ!' ಎಂದು ತಲೆ ಹಿಂದೆಗೆದರು. ಮರುಕ್ಷಣ ಮತ್ತೆ ಕಣ್ಣಿಟ್ಟರು. ಆಮೇಲೆ ಅವರನ್ನು ಅಲ್ಲಿಂದ ಏಳಿಸುವುದೇ ಕಷ್ಟವಾಯಿತು.

ಅಂದಿನಿಂದ ನಾನು ಪಾಲಿಸುತ್ತಿರುವ ಲೆಕ್ಕ ಇಷ್ಟೇ: ತೋರಿಸುವುದು ಜೀವಂತ ಇರಬೇಕು, ಚಲಿಸುತ್ತಿರಬೇಕು, ನೋಡುವವರ ಸ್ವಂತ ನೀರಿನದ್ದೋ ಸ್ವಂತ ತೋಟದ್ದೋ ಆಗಿರಬೇಕು. ಶಾಲೆ, ಗ್ರಂಥಾಲಯ, ಜಾತ್ರೆಯ ಬಯಲು, ಅಪಾರ್ಟ್‌ಮೆಂಟಿನ ಕೆಳಮಹಡಿ, ಎಲ್ಲಿ ಇಟ್ಟರೂ ಇದೇ ಲೆಕ್ಕ. ಉಳಿದದ್ದೆಲ್ಲ ಅದಕ್ಕೆ ಮಾಡುವ ತಯಾರಿ.

ಯಂತ್ರ ಹೊಂದಿಸುವುದು

ಹೊಸದು ಕೊಳ್ಳುವ ಮೊದಲು ಸುತ್ತಲಿನ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಕೇಳಿ. ಬೀರುವಿನೊಳಗೆ ಬಟ್ಟೆ ಸುತ್ತಿಟ್ಟ ಮೈಕ್ರೋಸ್ಕೋಪ್ ಇಲ್ಲದ ಕಾಲೇಜು ಕಡಿಮೆ. ನಿಮಗೆ ಬೇಕಾದ್ದು ಕಣ್ಣಿಡುವ ಕಡೆ 10 ಪಟ್ಟಿನ ಲೆನ್ಸು (ಐಪೀಸ್), ಸ್ಲೈಡಿನ ಕಡೆ 4, 10 ಮತ್ತು 40 ಪಟ್ಟಿನ ಲೆನ್ಸು (ಆಬ್ಜೆಕ್ಟಿವ್) ಇರುವ ಸಾದಾ ಯಂತ್ರ. ಎರಡೂ ಸಂಖ್ಯೆ ಗುಣಿಸಿದರೆ 40, 100, 400 ಪಟ್ಟು ಹಿಗ್ಗಿಸುತ್ತದೆ ಎಂದಾಯಿತು. ಮುಂದೆ 40, 100, 400 ಪಟ್ಟು ಎಂದಲ್ಲೆಲ್ಲ ಈ ಗುಣಿಸಿದ ಲೆಕ್ಕವೇ. ಎಣ್ಣೆ ಹಾಕಿ ನೋಡುವ 100ರ ಆಬ್ಜೆಕ್ಟಿವ್ ಇದ್ದರೆ ಅದನ್ನು ತಿರುಗಿಸಿ ಹಿಂದೆ ಇಟ್ಟುಬಿಡಿ. ಜನರ ನಡುವೆ ಅದು ಸ್ಲೈಡ್ ಒಡೆಯುವುದಕ್ಕೆ ಮಾತ್ರ ಉಪಯೋಗ.

ಬೆಳಕು ಎಲ್‌ಇಡಿಯದ್ದಾದರೆ ಒಳ್ಳೆಯದು. ಹಳೆಯ ಹ್ಯಾಲೋಜನ್ ಬಲ್ಬಿನ ಕಾವಿಗೆ ಹನಿ ಬೇಗ ಆರುತ್ತದೆ, ಒಳಗಿನವು ಬೇಯುತ್ತವೆ.

ಮಲೆನಾಡಿನವರಿಗೆ ಒಂದು ಮಾತು. ಬೀರುವಿನಿಂದ ತೆಗೆದ ಯಂತ್ರದ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯ ಹಾಗೆ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ಮಳೆಗಾಲದ ತೇವಕ್ಕೆ ಗಾಜಿನ ಮೇಲೂ ಬೂಷ್ಟು ಬೆಳೆಯುತ್ತದೆ. ಸೂಕ್ಷ್ಮಜೀವಿ ತೋರಿಸುವ ಯಂತ್ರವನ್ನು ಸೂಕ್ಷ್ಮಜೀವಿಯೇ ತಿಂದುಹಾಕುವ ಈ ತಮಾಷೆ ದುಬಾರಿ ಬೀಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದೊಂದೇ ದಾರಿ.

ಯಂತ್ರವೇ ಸಿಗದಿದ್ದರೆ ಫೋಲ್ಡ್‌ಸ್ಕೋಪ್ ಇದೆ. ಮೀರತ್‌ನಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸಿಬುಲ್ಸ್ಕಿ ರೂಪಿಸಿ 2014ರಲ್ಲಿ ಪ್ರಕಟಿಸಿದ, ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್ ಅದು. ಸಣ್ಣದೊಂದು ಲೆನ್ಸಿನಿಂದ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಮಕ್ಕಳ ಕೈಗೆ ಕೊಟ್ಟು ಹೊರಗೆ ಕಳಿಸಲು ಅದಕ್ಕಿಂತ ಒಳ್ಳೆಯದಿಲ್ಲ. ನೂರು ಜನರ ಸಾಲಿನ ಮುಂದೆ ಮಾತ್ರ ಅದನ್ನೇ ನಂಬಬೇಡಿ. ಪ್ರತಿಯೊಬ್ಬರೂ ಅದನ್ನು ಕಣ್ಣಿಗೆ ಹಿಡಿಯುವ ಹೊತ್ತಿಗೆ ಫೋಕಸ್ ಜಾರಿರುತ್ತದೆ.

ಎರಡು ವಾರ ಮೊದಲು: ಬಾಟಲಿಗಳು

ಬೆಳಿಗ್ಗೆ ನೀರು ತಂದು ಸಂಜೆ ತೋರಿಸುತ್ತೇನೆ ಎಂದು ಹೊರಟವರು ಸಾಮಾನ್ಯವಾಗಿ ಖಾಲಿ ನೀರು ತೋರಿಸುತ್ತಾರೆ. ಕೆರೆಯ ನಡುವಿನ ತಿಳಿನೀರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಜೀವ ಇರುವುದು ಅಂಚಿನಲ್ಲಿ. ನೀರಿನ ಗಿಡದ ಬೇರು, ಕೊಳೆಯುತ್ತಿರುವ ಎಲೆ, ಕಲ್ಲಿಗೆ ಅಂಟಿದ ಲೋಳೆ, ಹಸಿರು ಪಾಚಿಯ ಗುಂಗುರು, ಇವನ್ನು ಬಾಟಲಿಯೊಳಕ್ಕೆ ಹಿಂಡಬೇಕು. ಭತ್ತದ ಗದ್ದೆಯ ನೀರು, ಕಲ್ಲು ಮರಿಗೆ, ತಾವರೆ ಬೆಳೆಸಿದ ಸಿಮೆಂಟ್ ತೊಟ್ಟಿ, ಎಲ್ಲವೂ ಆಗುತ್ತದೆ. ಒಳಗಿನವಕ್ಕೆ ಗಾಳಿ ಬೇಕು, ಬಾಟಲಿಯನ್ನು ಅರ್ಧ ಮಾತ್ರ ತುಂಬಿ. ಮನೆಗೆ ಬಂದ ಕೂಡಲೇ ಮುಚ್ಚಳ ತೆಗೆದು, ತೆಳುಬಟ್ಟೆ ಕಟ್ಟಿ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಡಿ. ಬಟ್ಟೆ ಮರೆಯಬೇಡಿ. ಇಲ್ಲದಿದ್ದರೆ ಸೊಳ್ಳೆ ಬಂದು ಮೊಟ್ಟೆ ಇಡುತ್ತದೆ, ನೀವು ಡೆಂಗಿ ಸಾಕಿದ ಹೆಸರು ಹೊತ್ತುಕೊಳ್ಳುತ್ತೀರಿ.

ನಗರದವರು ಕೆರೆ ಆರಿಸುವಾಗ ಮೂಗನ್ನು ನಂಬಿ. ಚರಂಡಿ ಸೇರುವ, ನೊರೆ ಏಳುವ ಕೆರೆಗೆ ಕೈ ಹಾಕಬೇಡಿ. ಅಪಾರ್ಟ್‌ಮೆಂಟಿನ ಹೂಕುಂಡದ ಕೆಳಗಿನ ತಟ್ಟೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ಜೊತೆಗೆ ಒಂದು ಹುಲ್ಲಿನ ನೀರು ಮಾಡಿಡಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಹಿಡಿ ಒಣ ಭತ್ತದ ಹುಲ್ಲು ಕತ್ತರಿಸಿ ಹಾಕಿ, ಮೇಲೆ ಎರಡು ಚಮಚ ಕೆರೆ ನೀರು. ನಲ್ಲಿ ನೀರನ್ನು ಹಾಗೇ ಹಾಕಿದರೆ ಅದರ ಕ್ಲೋರಿನ್ ಎಲ್ಲ ಕೆಡಿಸುತ್ತದೆ. ಎರಡು ಮೂರು ದಿನಕ್ಕೆ ನೀರು ಮಬ್ಬಾಗುತ್ತದೆ, ಅದು ಬ್ಯಾಕ್ಟೀರಿಯಾ. ಅವನ್ನು ತಿನ್ನಲು ಸಣ್ಣಪುಟ್ಟ ಈಜುಗಾರರು, ವಾರ ಹತ್ತು ದಿನಕ್ಕೆ ಮೈತುಂಬ ಕೂದಲಿನ ದೊಡ್ಡವರು. ಅದೃಷ್ಟ ಇದ್ದರೆ ಅವರ ಪೈಕಿಯದೇ ಆದ, ಒಂದೇ ಕೋಶದ ಪ್ಯಾರಾಮೀಸಿಯಂಗಳ ಜಾತ್ರೆಯೇ ನೆರೆಯುತ್ತದೆ. ಸ್ವಲ್ಪ ನಾರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಇನ್ನೊಂದು ಬಾಟಲಿಯಲ್ಲಿ ನಾನು ಯಾವಾಗಲೂ ಇಪ್ಪತ್ತು ಕಾಳುಮೆಣಸು ನೆನೆಹಾಕುತ್ತೇನೆ. ಇದಕ್ಕೊಂದು ಕತೆ ಇದೆ, ಮೇಜಿನ ಬಳಿ ಹೇಳಲಿಕ್ಕೂ ಬರುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವೆನ್‌ಹುಕ್‌ಗೆ, ಮೆಣಸು ಖಾರ ಯಾಕೆ ಎಂಬ ಸಂಶಯ ಬಂತು. ಕಾಳಿಗೆ ಸಣ್ಣ ಮುಳ್ಳುಗಳಿರಬಹುದು, ಅವು ನಾಲಿಗೆಗೆ ಚುಚ್ಚುತ್ತಿರಬಹುದು ಎಂದು ನೆನೆಹಾಕಿ ತನ್ನದೇ ಲೆನ್ಸಿನಲ್ಲಿ ನೋಡಿದ. ಮುಳ್ಳು ಸಿಗಲಿಲ್ಲ, ನೀರು ತುಂಬ ಪುಟ್ಟ ಜೀವಿಗಳು ಸಿಕ್ಕವು. 1676ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕಾಗದ ಬರೆದ. ಅಲ್ಲಿನವರು ನಂಬಲಿಲ್ಲ. ಆಗ ಆತ ಊರಿನ ಪಾದ್ರಿಗಳೂ ಸೇರಿ ಎಂಟು ಜನರನ್ನು ಕರೆದು ತೋರಿಸಿ, ಕಂಡದ್ದು ನಿಜ ಎಂದು ಅವರಿಂದ ಬರೆಸಿ ಕಳಿಸಿದ. ಮರುವರ್ಷ ಅದೇ ಸೊಸೈಟಿಯ ವಿಜ್ಞಾನಿ ರಾಬರ್ಟ್ ಹುಕ್ ಮೆಣಸಿನ ನೀರು ಮಾಡಿ ಸೊಸೈಟಿಯ ಸದಸ್ಯರಿಗೆ ಕಣ್ಣಾರೆ ತೋರಿಸಿದ ಮೇಲೆಯೇ ತಕರಾರು ನಿಂತದ್ದು. ಊರವರನ್ನು ಕರೆದು ಹನಿ ತೋರಿಸುವ ಕೆಲಸ ಈ ವಿದ್ಯೆಯಷ್ಟೇ ಹಳೆಯದು ಎನ್ನಲು ನನಗಿದು ಸಾಕು. ಮನೆಯ ಹಿಂದೆ ಮೆಣಸಿನ ಬಳ್ಳಿ ಇರುವವರಿಗೆ ಈ ಕತೆ ಹೇಳುವಾಗ ಮೆಣಸಿನ ಬಾಟಲಿ ಕೈಗೆ ಕೊಟ್ಟು ಹೇಳಬೇಕು.

ಹಿಂದಿನ ದಿನ: ಹಾವಸೆ ಮತ್ತು ನೀರುಕರಡಿ

ಇಂಗ್ಲಿಷ್ ವಿಡಿಯೋ ನೋಡಿದ ಮಕ್ಕಳು ಬಂದು ಮೊದಲು ಕೇಳುವುದು ಟಾರ್ಡಿಗ್ರೇಡ್. ನೀರುಕರಡಿ ಎಂದರೆ ನಮಗೂ ಸಲೀಸು. ಎಂಟು ಗಿಡ್ಡ ಕಾಲು, ತುದಿಗೆ ಉಗುರು, ನಡೆಯುವುದು ಥೇಟ್ ಕರಡಿಯ ಹಾಗೆ. ಉದ್ದ ಹೆಚ್ಚಾಗಿ ಅರ್ಧ ಮಿಲಿಮೀಟರಿನೊಳಗೆ. ಒಣಗಿದಾಗ ಕಾಲು ಒಳಗೆಳೆದುಕೊಂಡು ಕಾಳಿನಂತೆ ಮುದುಡುತ್ತದೆ, ನೀರು ಬಿದ್ದರೆ ಮತ್ತೆ ಎದ್ದು ನಡೆಯುತ್ತದೆ. 2007ರಲ್ಲಿ ಇವನ್ನು ಬಾಹ್ಯಾಕಾಶದ ಬಯಲಿಗೇ ಒಡ್ಡಿ ವಾಪಸ್ ತಂದರು, ಕೆಲವು ಬದುಕಿಯೇ ಬಂದವು.

ಹಂಚಿನ ಮಾಡು, ಕಲ್ಲಿನ ಪಾಗಾರ, ಹಳೆಯ ಬಾವಿಕಟ್ಟೆ, ಇಲ್ಲೆಲ್ಲ ಮೆತ್ತೆಯಂತೆ ಬೆಳೆದು ಒಣಗಿ ನಿಂತ ಹಾವಸೆಯನ್ನು (ಇಂಗ್ಲಿಷಿನ ಮಾಸ್) ಒಂದು ನಿಂಬೆಹಣ್ಣಿನಷ್ಟು ಕಿತ್ತು ತನ್ನಿ. ಮಣ್ಣು ಉದುರಿಸಿ, ತಲೆಕೆಳಗಾಗಿ ಬಟ್ಟಲಲ್ಲಿ ಇಟ್ಟು, ಮುಳುಗುವಷ್ಟು ಮಳೆನೀರೋ ಬಾವಿನೀರೋ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಿಂಡಿ, ಹಾವಸೆ ಎತ್ತಿಹಾಕಿ, ತಳಕ್ಕೆ ಕೂತ ಗಸಿಯಿಂದ ಹನಿ ತೆಗೆದು 40 ಪಟ್ಟಿನಲ್ಲಿ ಹುಡುಕಿ. ಮೊದಲ ಹನಿಯಲ್ಲೇ ಸಿಗುತ್ತದೆಂದು ಕಾಯಬೇಡಿ. ನಾಲ್ಕು ಕಡೆಯ ಹಾವಸೆ ತಂದು, ಹತ್ತು ಹದಿನೈದು ಹನಿ ನೋಡುವ ತಾಳ್ಮೆ ಬೇಕು.

ಕರಡಿ ಸಿಗದಿದ್ದರೂ ರೋಟಿಫರ್ ಸಿಕ್ಕೇ ಸಿಗುತ್ತದೆ ಎನ್ನಬಹುದು. ತಲೆಯ ಮೇಲೆ ಎರಡು ಗಿರಗಟ್ಟೆ ತಿರುಗಿದ ಹಾಗೆ ಕಾಣುವ, ಜಿಗಣೆಯಂತೆ ಉದ್ದ ಗಿಡ್ಡ ಆಗುವ ಪ್ರಾಣಿ. ನಿಜಕ್ಕೂ ಏನೂ ತಿರುಗುವುದಿಲ್ಲ, ಕೂದಲುಗಳು ಸಾಲಾಗಿ ಬಡಿಯುವುದು ಹಾಗೆ ಕಾಣುವುದು. ಹಾವಸೆಯಲ್ಲಿ ಸಿಗುವ ಡೆಲಾಯ್ಡ್ ಗುಂಪಿನ ರೋಟಿಫರ್‌ಗಳಲ್ಲಿ ಗಂಡೇ ಇಲ್ಲ. ಇದೊಂದು ವಾಕ್ಯ ಹೇಳಿ ಸುಮ್ಮನಿರಿ. ಸಾಲಿನಲ್ಲಿ ನಿಂತ ಹೆಂಗಸರು ಮುಂದಿನ ಹತ್ತು ನಿಮಿಷ ಕಾರ್ಯಕ್ರಮ ತಾವೇ ನಡೆಸಿಕೊಡುತ್ತಾರೆ.

ಹನಿ ಹಾಕುವ ಕ್ರಮ

ಸ್ಲೈಡಿನ ನಡುವೆ ಒಂದೇ ಸಣ್ಣ ಹನಿ. ಹನಿಯ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್ಪಿನ ನಾಲ್ಕು ಮೂಲೆಗೆ ಸಾಸಿವೆ ಕಾಳಿನ ಅರ್ಧದಷ್ಟು ವ್ಯಾಸಲಿನ್ ಮುಟ್ಟಿಸಿ ಓರೆಯಾಗಿ ಇಳಿಸಿ. ಗಾಜು ಆ ನಾಲ್ಕು ಕಾಲಿನ ಮೇಲೆ ನಿಲ್ಲುವುದರಿಂದ ಒಳಗಿನ ಪ್ರಾಣಿ ಅಪ್ಪಚ್ಚಿಯಾಗುವುದಿಲ್ಲ. ಸುತ್ತಲೂ ಸಣ್ಣಗೆ ಬಳಿದುಬಿಟ್ಟರೆ ಹನಿ ಆರದೆ ತುಂಬ ಹೊತ್ತು ಉಳಿಯುತ್ತದೆ. ಹಾಗೇ ಬಿಟ್ಟ ಹನಿ ಕಾಲು ಗಂಟೆಗೇ ಅಂಚಿನಿಂದ ಒಣಗತೊಡಗುತ್ತದೆ. ಕೊನೆಯಲ್ಲಿ ನಿಂತ ಮಗುವಿಗೆ ಸಿಗುವುದು ಹೆಣಗಳ ರಾಶಿ.

ಪ್ಯಾರಾಮೀಸಿಯಂ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಈಜಬಲ್ಲದು. ನಮಗದು ಏನೂ ಅಲ್ಲ. ಆದರೆ 400 ಪಟ್ಟಿನಲ್ಲಿ ಕಾಣುವ ಇಡೀ ಬಯಲೇ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗಿಬಿಡುತ್ತದೆ. ಅದನ್ನು ಕಟ್ಟಿಹಾಕಲು ಸುಲಭದ ಉಪಾಯ ಹೂಬತ್ತಿಯ ಹತ್ತಿ. ನಾಲ್ಕೈದು ಎಳೆ ಬಿಡಿಸಿ ಹನಿಯಲ್ಲಿ ಹಾಕಿ. ಎಳೆಗಳ ನಡುವಿನ ಗೂಡಿನಲ್ಲಿ ಸಿಕ್ಕಿಕೊಂಡು ಅಲ್ಲಲ್ಲೇ ಸುತ್ತುತ್ತವೆ. ಬೇಲಿಯೊಳಗಿನ ಕರುವಿನಂತೆ ಗೋಡೆಗೆ ಮೂತಿ ತಾಗಿಸಿ ಹಿಂದೆ ಸರಿದು ಬೇರೆ ದಿಕ್ಕಿಗೆ ಹೊರಡುವುದನ್ನೂ ತೋರಿಸಬಹುದು. ಹೀಗೆ ಕಟ್ಟಿದರೂ ಸಾರ್ವಜನಿಕರಿಗೆ 100 ಪಟ್ಟೇ ಸಾಕು. ಹೆಚ್ಚು ಹಿಗ್ಗಿಸಿದಷ್ಟು ಹೆಚ್ಚು ಕಾಣುತ್ತದೆ ಎಂಬುದು ಮೈಕ್ರೋಸ್ಕೋಪ್ ಮಾರುವವರು ಹಬ್ಬಿಸಿದ ನಂಬಿಕೆ.

ಬೆಳಕಿನ ಬಗ್ಗೆ ಎರಡೇ ಮಾತು. ಈ ಜೀವಿಗಳು ಗಾಜಿನಂತೆ ಪಾರದರ್ಶಕ, ಬೆಳಕು ಜಾಸ್ತಿಯಾದರೆ ಕರಗಿಯೇ ಹೋಗುತ್ತವೆ. ಸ್ಲೈಡಿನ ಕೆಳಗಿರುವ, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಸನ್ನೆಯನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿ. ಇನ್ನೂ ಚಂದ ಬೇಕಾದರೆ, ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದಾಗಿ ಕಪ್ಪು ಕಾಗದದ ಬಿಲ್ಲೆ ಕತ್ತರಿಸಿ ಸ್ಲೈಡಿಗೆ ಬೆಳಕು ಕೂಡಿಸುವ ಕಂಡೆನ್ಸರಿನ ಕೆಳಗಿನ ಫಿಲ್ಟರ್ ಜಾಗದ ನಡುವೆ ಕೂರಿಸಿ. ಬಿಲ್ಲೆಯ ಅಳತೆ ಯಂತ್ರದಿಂದ ಯಂತ್ರಕ್ಕೆ ಬೇರೆ, ಮೂರು ನಾಲ್ಕು ಗಾತ್ರ ಮಾಡಿಕೊಂಡು ನೋಡಬೇಕು. ಸರಿಯಾಗಿ ಕೂತರೆ ಕಪ್ಪು ಆಕಾಶದಲ್ಲಿ ಬೆಳ್ಳಗೆ ಹೊಳೆಯುತ್ತ ಓಡಾಡುತ್ತವೆ. 40 ಮತ್ತು 100 ಪಟ್ಟಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಯಾವುದನ್ನು ಇಡಬಾರದು

ಎಲ್ಲರಿಗೂ ಮೊದಲು ಹೊಳೆಯುವುದು ಮೊಸರು. ನಾನು ಬೇಡ ಎನ್ನುತ್ತೇನೆ. ಮೊಸರಿನ ಬ್ಯಾಕ್ಟೀರಿಯಾ 400 ಪಟ್ಟಿನಲ್ಲೂ ಬರಿಯ ಚುಕ್ಕಿ, ಕಡ್ಡಿ. ಬಣ್ಣ ಕೊಟ್ಟು ಎಣ್ಣೆ ಲೆನ್ಸಿನಲ್ಲಿ ನೋಡಿದವರಿಗೆ ಮಾತ್ರ ಅದರ ರುಚಿ. ಹುದುಗು ತೋರಿಸಲೇಬೇಕು ಎಂದಿದ್ದರೆ ಬೇಕರಿಯ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿ ಒಂದು ಗಂಟೆ ಬಿಟ್ಟು ನೋಡಿ. ತಾಯಿಯ ಬೆನ್ನಿಗೆ ಮರಿ ಅಂಟಿಕೊಂಡ ಹಾಗೆ ಮೊಳಕೆಯೊಡೆಯುವುದು 400 ಪಟ್ಟಿನಲ್ಲಿ ಕಾಣುತ್ತದೆ.

ಗೆದ್ದಲಿನ ಹೊಟ್ಟೆ ಹಿಂಡಿದರೆ ಅದ್ಭುತ ಜೀವಿಗಳು ಕಾಣುತ್ತವೆ ಎಂದು ಅಮೆರಿಕದ ಕೈಪಿಡಿಗಳಲ್ಲಿ ಓದಿ ನಾನೊಮ್ಮೆ ಹುತ್ತ ಕೆದಕಿ ಮೋಸಹೋದೆ. ಹುತ್ತ ಕಟ್ಟುವ ನಮ್ಮ ಗೆದ್ದಲುಗಳ ಹೊಟ್ಟೆಯಲ್ಲಿ ಆ ಜೀವಿಗಳಿಲ್ಲ. ಅವು ಬೇರೆ ದಾರಿ ಹಿಡಿದಿವೆ: ಹುತ್ತದೊಳಗೆ ಬೂಷ್ಟಿನ ತೋಟ ಬೆಳೆಸಿ ಉಣ್ಣುತ್ತವೆ. ಮಳೆಗಾಲದಲ್ಲಿ ನಾವು ಹುಡುಕಿಕೊಂಡು ಹೋಗಿ ಪಲ್ಯ ಮಾಡುವ ಹುತ್ತದ ಅಣಬೆ ಆ ತೋಟದ್ದೇ ಫಲ. ಕೈಪಿಡಿಯಲ್ಲಿ ಹೇಳಿದ್ದು ಒಣಮರದೊಳಗೆ, ಹಳೆಯ ಕುರ್ಚಿ ಬಾಗಿಲಿನೊಳಗೆ ಇರುವ ಗೆದ್ದಲಿಗೆ ಸಲ್ಲುತ್ತದೆ.

ರಕ್ತ, ಎಂಜಲು, ಶೌಚಾಲಯದ ನಲ್ಲಿ ಒರೆಸಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳು, ಇವೂ ಬೇಡ. ಜನ ಹೆದರುತ್ತಾರೆ, ಅಪಾಯವೂ ಇದೆ.

ರೈತರಿಗೆ: ಅಜೋಲಾ, ಬೇರಿನ ಗಂಟು, ಕೊಳೆರೋಗ

ಹಳ್ಳಿಯಲ್ಲಿ ಮಕ್ಕಳು ತಾವಾಗಿ ಬರುತ್ತಾರೆ. ದೊಡ್ಡವರನ್ನು ಎಳೆಯಲು ಅವರ ಕಸುಬೇ ಬೇಕು.

ಹಸುವಿನ ಮೇವಿಗೆ ಅಜೋಲಾ ಎಂಬ ತೇಲುವ ಪುಟ್ಟ ನೀರುಗಿಡ ಬೆಳೆಸುವವರಿಂದ ಒಂದು ಚಿಟಿಕೆ ಕೇಳಿ ಪಡೆಯಿರಿ. ಒಂದೇ ಎಲೆಯನ್ನು ಸ್ಲೈಡಿನ ಮೇಲೆ ಚೆನ್ನಾಗಿ ಅರೆದು 400 ಪಟ್ಟಿನಲ್ಲಿ ನೋಡಿದರೆ ಹಸಿರು ಮಣಿಸರಗಳು. ಎಲೆಯ ಪೊಳ್ಳಿನಲ್ಲಿ ವಾಸಿಸುವ ಅನಾಬೀನಾ ಎಂಬ ಬ್ಯಾಕ್ಟೀರಿಯಾ ಅದು. ಸರದ ನಡುನಡುವೆ ತುಸು ದಪ್ಪ, ತಿಳಿ ಬಣ್ಣದ ಮಣಿ ಇರುತ್ತದೆ, ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ಅದರದ್ದು. ಅಲಸಂದೆ ಅಥವಾ ಹೆಸರಿನ ಗಿಡ ಬೇರುಸಮೇತ ತಂದರೆ ಗಂಟನ್ನು ಬ್ಲೇಡಿನಿಂದ ಸೀಳಿ ತೋರಿಸಿ, ಇಲ್ಲಿ ಮೈಕ್ರೋಸ್ಕೋಪ್ ಬೇಕಾಗಿಯೇ ಇಲ್ಲ. ಒಳಗೆ ನಸುಗೆಂಪು ಇದ್ದರೆ ಅಲ್ಲಿನ ರೈಜೋಬಿಯಂ ಬ್ಯಾಕ್ಟೀರಿಯಾ ಅದೇ ಸಾರಜನಕದ ಕೆಲಸದಲ್ಲಿ ದುಡಿಯುತ್ತಿದೆ ಎಂದರ್ಥ.

ಆದರೆ ನಮ್ಮ ಕಡೆ ಎಲ್ಲವನ್ನೂ ಮೀರಿಸುವುದು ಅಡಿಕೆಕಾಯಿಯ ಕೊಳೆರೋಗ. ಅಡಿಕೆ ತೋಟದವರಿಗೆ ಆಷಾಢದ ಜಡಿಮಳೆಯಲ್ಲಿ ಮರದ ಬುಡಕ್ಕೆ ಕಾಯಿ ಉದುರುವ ಸದ್ದು ಕೇಳಿದರೆ ನಿದ್ದೆ ಹತ್ತುವುದಿಲ್ಲ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಈ ಕೊಳೆಯ ಬಗ್ಗೆ 1910ರಲ್ಲೇ ವಿವರವಾಗಿ ಬರೆದಿದ್ದರು. ಇದಕ್ಕೆ ಕಾರಣ ಫೈಟಾಫ್ತೊರಾ. ನೋಡಲು ಬೂಷ್ಟಿನಂತೆ ಇದ್ದರೂ ನಿಜವಾದ ಶಿಲೀಂಧ್ರ ಅಲ್ಲ, ವಂಶದಲ್ಲಿ ಸಮುದ್ರದ ಕಂದು ಪಾಚಿಗೆ ಹತ್ತಿರ. ಅದಕ್ಕೇ ಅದಕ್ಕೆ ಈಜುವ ಮರಿಗಳು.

ತೋರಿಸುವ ಕ್ರಮ ಹೀಗೆ. ಹೊಸದಾಗಿ ಕೊಳೆ ಬಂದು ಬಿಳಿ ಬೂಷ್ಟು ಹಬ್ಬಿದ ಕಾಯಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ತನ್ನಿ. ಬೂಷ್ಟನ್ನು ಸೂಜಿಯಿಂದ ಸ್ವಲ್ಪ ಎತ್ತಿ ಹನಿಯಲ್ಲಿ ಹರಡಿ. 100 ಪಟ್ಟಿನಲ್ಲಿ ಎಳೆಗಳ ತುದಿಗೆ ಲಿಂಬೆಕಾಯಿ ಆಕಾರದ ಚೀಲಗಳು ಕಾಣಬೇಕು. ಕಂಡ ಮೇಲೆ, ಅಂಥದ್ದೇ ಬೂಷ್ಟನ್ನು ಪುಟ್ಟ ಬಟ್ಟಲಿನ ಬಾವಿನೀರಿಗೆ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಅರ್ಧ ಗಂಟೆ ಇಟ್ಟು ಹೊರತೆಗೆಯಿರಿ. ತಂಪು ತಾಗಿ ಮತ್ತೆ ಬಿಸುಪಿಗೆ ಬರುವಾಗ ಚೀಲಗಳು ಬಾಯಿ ಬಿಡುತ್ತವೆ. ಒಳಗಿಂದ ಬಾಲವಿರುವ ಮರಿಗಳು ಒಂದೊಂದಾಗಿ ನುಗ್ಗಿ ಹೊರಬಂದು ಈಜತೊಡಗುತ್ತವೆ. ಈ ಕ್ಷಣ ಸಿಗಲು ಎರಡು ಮೂರು ಸ್ಲೈಡ್ ಸಿದ್ಧ ಇರಲಿ. ಎಲ್ಲ ಚೀಲಗಳೂ ಒಟ್ಟಿಗೇ ಒಡೆಯುವುದಿಲ್ಲ.

ನನ್ನ ಮೇಜಿನ ಬಳಿ ಇದನ್ನು ನೋಡಿದ ಹಿರಿಯ ತೋಟಿಗರೊಬ್ಬರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಇದನಾ ಮಾಸ್ತರೇ, ಇಷ್ಟು ವರ್ಷ ನನ್ನ ಉಂಡಿದ್ದು?' ಎಂದರು. ಕವರ್ ಸ್ಲಿಪ್ಪಿನ ಅಂಚಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ನೀರಿನ ಒಂದು ಹನಿ ಬಿಟ್ಟು ಎದುರು ಅಂಚಿನಿಂದ ಕಾಗದದಲ್ಲಿ ಹೀರಿದೆ. ಈಜು ನಿಂತಿತು. ಮಳೆ ಹಿಡಿಯುವ ಮೊದಲೇ ಮದ್ದು ಹೊಡೆಯಿರಿ ಎಂದು ಇಲಾಖೆಯವರು ಹೇಳುವುದರ ಅರ್ಥ ಇಲ್ಲಿ ಕಣ್ಣೆದುರಿಗೇ ಇದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ ಕಾಯಿಯ ಮೇಲೆ ಮೊದಲೇ ಕಾವಲು ಕೂತಿದ್ದರೆ ಮರಿ ಅಲ್ಲೇ ಸಾಯುತ್ತದೆ. ಒಳಹೊಕ್ಕ ಮೇಲೆ ಹೊಡೆದರೆ ಆ ಕಾಯಿ ಉಳಿಯುವುದಿಲ್ಲ. ಇದಕ್ಕಿಂತ ಹೆಚ್ಚಿನ ಸಲಹೆ ಕೊಡಲು ಹೋಗಬೇಡಿ, ಕೃಷಿ ವಿಜ್ಞಾನ ಕೇಂದ್ರದ ದಾರಿ ತೋರಿಸಿ. ತಂದ ಕಾಯಿಗಳನ್ನು ಸುಟ್ಟುಹಾಕಿ, ಯಾರ ತೋಟದ ಬಳಿಯೂ ಎಸೆಯಬೇಡಿ.

ಸಾಲು, ಕಣ್ಣು, ಮಾತು

ಒಬ್ಬರಿಗೆ ಒಂದು ನಿಮಿಷ ಎಂದರೆ ನೂರು ಜನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಎರಡು ಯಂತ್ರವಾದರೂ ಬೇಕು. ಮೂರನೆಯದಕ್ಕೆ ಮೊಬೈಲ್ ಕಟ್ಟಿ ಅಥವಾ ಐಪೀಸ್ ಕ್ಯಾಮರಾ ಹಾಕಿ ಟಿವಿಗೆ ಜೋಡಿಸಿ, ಕಾಯುವವರಿಗೆ ಅದು ಹೊತ್ತು ಕಳೆಯುತ್ತದೆ. ಆದರೆ ಟಿವಿ ಒಂದನ್ನೇ ಇಟ್ಟವರನ್ನು ನೋಡಿದ್ದೇನೆ. ಜನ ಅದನ್ನು ಯೂಟ್ಯೂಬ್ ಎಂದುಕೊಂಡು ಹೋಗುತ್ತಾರೆ. ಕಣ್ಣನ್ನು ಗಾಜಿಗೆ ತಾಗಿಸಿ ನೋಡಿದವರೇ ನಂಬುವುದು.

ಸ್ಥೂಲ ಫೋಕಸಿನ ದೊಡ್ಡ ತಿರುಪಿಗೆ ಟೇಪ್ ಸುತ್ತಿಬಿಡಿ, ಸಣ್ಣ ತಿರುಪು ಮಾತ್ರ ಜನರ ಕೈಗೆ. ಮಕ್ಕಳಿಗೆ ಗಟ್ಟಿ ಸ್ಟೂಲು. ಬರಿಯ ದೂರ ಅಥವಾ ಹತ್ತಿರದ ದೃಷ್ಟಿದೋಷದ ಕನ್ನಡಕವಾದರೆ ತೆಗೆದು ನೋಡಲಿ, ಫೋಕಸ್ ಅದನ್ನು ಸರಿದೂಗಿಸುತ್ತದೆ. ಒಂದು ಕಣ್ಣು ಮುಚ್ಚಲು ಬಾರದವರು ಬಹಳ ಇರುತ್ತಾರೆ, ಅಂಗೈ ಅಡ್ಡ ಹಿಡಿಯಲು ಹೇಳಿ. ಐಪೀಸಿನೊಳಗಿನ ಉಂಗುರಕ್ಕೆ ಒಂದು ತಲೆಗೂದಲಿನ ತುಂಡು ಅಂಟಿಸಿದರೆ ಬಯಲಿನ ನಡುವೆ ಕಪ್ಪು ಗೆರೆ ಕಾಣುತ್ತದೆ. 'ಆ ಕಡ್ಡಿಯ ತುದಿಯಲ್ಲಿ ನೋಡಿ' ಎಂದು ಹೇಳಲು ಬಂದರೆ ಅರ್ಧ ಕೆಲಸ ಮುಗಿದಂತೆ.

'ಏನು ಕಾಣ್ತಾ ಇದೆ?' ಎಂದು ಕೇಳಿ ಸುಮ್ಮನಾಗಿ. 'ಕಾಣ್ತಾ?' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಅದಕ್ಕೆ ಬೆಲೆಯಿಲ್ಲ. ಹೆಸರನ್ನು ಅವರು ಬಾಯಿ ಬಿಟ್ಟ ಮೇಲೆ ಹೇಳಿ. ನಮ್ಮಲ್ಲಿ ಮಕ್ಕಳು ಪ್ಯಾರಾಮೀಸಿಯಂಗೆ ಚಪ್ಪಲಿ ಎಂದೂ, ಕಾಂಡ ಚಿಮ್ಮಿ ಮುದುಡುವ ವಾರ್ಟಿಸೆಲ್ಲಾಗೆ ಸ್ಪ್ರಿಂಗ್ ಹೂವು ಎಂದೂ ಹೆಸರಿಟ್ಟರು. ನಾನು ತಿದ್ದಲಿಲ್ಲ, ಪಕ್ಕದಲ್ಲಿ ಪುಸ್ತಕದ ಹೆಸರನ್ನೂ ಬರೆದೆ. ಗಾತ್ರ ಹೇಳುವಾಗ ಮೈಕ್ರಾನ್ ತೆಗೆಯಬೇಡಿ. ಒಂದು ರಾಗಿಕಾಳು ಮೇಜಿನ ಮೇಲಿಟ್ಟು, ಇದರ ಅಗಲಕ್ಕೆ ಐದಾರು ಪ್ಯಾರಾಮೀಸಿಯಂ ಸಾಲಾಗಿ ನಿಲ್ಲುತ್ತವೆ ಎಂದರೆ ಮುಗಿಯಿತು.

'ನಾವು ಕುಡಿಯುವ ನೀರಲ್ಲೂ ಇದಿದೆಯಾ?'

ಈ ಪ್ರಶ್ನೆ ಬರದ ದಿನವಿಲ್ಲ. ಬಾವಿನೀರಿನ ಬಾಟಲಿ ತಂದು 'ಚೆಕ್ ಮಾಡಿ ಕೊಡಿ' ಎನ್ನುವವರೂ ಇದ್ದಾರೆ. ಇಲ್ಲಿ ಬಾಯಿ ಬಿಗಿ ಹಿಡಿಯಬೇಕು. ಪ್ಯಾರಾಮೀಸಿಯಂ, ರೋಟಿಫರ್ ಕಂಡ ಮಾತ್ರಕ್ಕೆ ರೋಗ ಬರುತ್ತದೆಂದಲ್ಲ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾವನ್ನು ಈ ಮೇಜಿನ ಮೇಲೆ ಗುರುತಿಸಲಿಕ್ಕೂ ಬರುವುದಿಲ್ಲ, ವೈರಸ್ಸಂತೂ ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಏನೂ ಕಾಣದ ಹನಿಯನ್ನು ಶುದ್ಧ ಎನ್ನಬೇಡಿ, ಏನೋ ಕಂಡ ಹನಿಯನ್ನು ವಿಷ ಎನ್ನಬೇಡಿ. ಪರೀಕ್ಷೆಗೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯ ಇದೆ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ ಎಂದಷ್ಟೇ ಹೇಳಿ. ಇದೇ ಯಂತ್ರ ಹಿಡಿದು ಮನೆಮನೆಗೆ ಹೋಗಿ ಹೆದರಿಸಿ ಫಿಲ್ಟರ್ ಮಾರುವವರು ಇದ್ದಾರೆ. ನಿಮ್ಮನ್ನು ಆ ಪೈಕಿ ಸೇರಿಸಿಕೊಳ್ಳಬಾರದು.

ಮುಗಿದ ಮೇಲೆ

ನೀರು ಮುಟ್ಟಿದ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ, ಬಕೆಟ್ಟು ಮೇಜಿನ ಪಕ್ಕದಲ್ಲೇ ಇರಲಿ. ಕೈಯಲ್ಲಿ ಗಾಯ ಇದ್ದವರಿಗೆ ಕೈಗವಸು ಕೊಡಿ. ಒಡೆದ ಗಾಜಿಗೆ ಬೇರೆ ಡಬ್ಬಿ. ಹುಲ್ಲಿನ ನೀರು, ಮೆಣಸಿನ ನೀರನ್ನು ಬ್ಲೀಚಿಂಗ್ ಪುಡಿ ಹಾಕಿ ಚರಂಡಿಗೆ ಬಿಡಬಹುದು. ಕೆರೆಯ ನೀರನ್ನು ಮಾತ್ರ ತಂದ ಕೆರೆಗೇ ವಾಪಸ್ ಹಾಕಿ, ಬೇರೆ ಕೆರೆಗೆ ಬೇಡ. ಒಂದು ನೀರಿನ ಕಳೆ ಇನ್ನೊಂದಕ್ಕೆ ಹಬ್ಬುವುದು ಹೀಗೆಯೇ. ನಮ್ಮ ಕಡೆಯ ಜೈನ ಮನೆಗಳಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಇಳಿಬಿಡುವ ಪದ್ಧತಿ ಇತ್ತು. ಕಾರಣ ಬೇರೆಯಾದರೂ ಕ್ರಮ ಅದೇ.

ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಸೇರಿಸಿ. ಯಂತ್ರ ವಾಪಸ್ ಕೊಡುವ ಅವಸರ ಬೇಡ, ಇನ್ನೊಂದು ವಾರ ಇಟ್ಟುಕೊಳ್ಳಲು ಕೇಳಿ ನೋಡಿ. ಯಾರಾದರೂ ಒಬ್ಬರು ಬಾಟಲಿಯಲ್ಲಿ ಹಸಿರು ನೀರು ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ, ಮುಚ್ಚಳ ಬಿಗಿಯಾಗಿ ತಿರುಪಿಕೊಂಡೇ ಬಂದಿರುತ್ತಾರೆ. ಮೊದಲು ಅದನ್ನು ತೆಗೆಸಿ.